ಹಳೆಯ ಧ್ವನಿ ಉಪಕರಣಗಳ ಸ್ವಿಚ್ ದುರಸ್ತಿ: ಅಲ್ಪ ಬಂಡವಾಳದ, ಅಪಾರ ತಾಳ್ಮೆಯ ಉದ್ಯಮ

ವಾಲ್ವ್ ರೇಡಿಯೊ, ಎಪ್ಪತ್ತರ ದಶಕದ ಸ್ಟೀರಿಯೊ ರಿಸೀವರ್, ಕ್ಯಾಸೆಟ್ ಡೆಕ್, ರೆಕಾರ್ಡ್ ಪ್ಲೇಯರ್ ಮುಂತಾದ ಉಪಕರಣಗಳು ನಿತ್ಯಬಳಕೆಯಿಂದ ಸರಿದಿದ್ದರೂ ಕರ್ನಾಟಕದ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿವೆ. ಹಿರಿಯರ ನೆನಪಿಗಾಗಿ ಇಟ್ಟುಕೊಂಡವರು ಕೆಲವರಾದರೆ, ಅವುಗಳ ಧ್ವನಿಗೆ ಮಾರುಹೋಗಿ ಹುಡುಕಿ ಕೊಂಡವರು ಇನ್ನು ಕೆಲವರು. ಇಂತಹ ಉಪಕರಣ ದುರಸ್ತಿ ಅಂಗಡಿಗೆ ಬಂದಾಗ ಮಾಲೀಕರು ಹೇಳುವ ದೂರುಗಳು ಸಾಮಾನ್ಯವಾಗಿ ಒಂದೇ ಬಗೆಯವು. ಒಂದು ಬದಿಯ ಸ್ಪೀಕರ್ ಮೂಕವಾಗಿದೆ. ಗುಂಡಿ ತಿರುಗಿಸಿದರೆ ಕರಕರ ಸದ್ದು ಬರುತ್ತದೆ. ಪೆಟ್ಟಿಗೆಯನ್ನು ತಟ್ಟಿದರೆ ಹಾಡು ಕೇಳಿಸಿ ಮತ್ತೆ ನಿಂತುಹೋಗುತ್ತದೆ. ಒಳಗಿನ ಟ್ರಾನ್ಸ್‌ಫಾರ್ಮರ್, ಟ್ರಾನ್ಸಿಸ್ಟರುಗಳೆಲ್ಲ ಸುಸ್ಥಿತಿಯಲ್ಲಿದ್ದು, ದೋಷವು ಕೇವಲ ಒಂದು ಸ್ವಿಚ್ಚಿನಲ್ಲಿರುವ ಸಂದರ್ಭಗಳು ವಿರಳವೇನಲ್ಲ.

ಹಾಗೆಂದು ಇದನ್ನು ಹಗುರವಾಗಿ ಎಣಿಸುವಂತಿಲ್ಲ. ಐವತ್ತು ವರ್ಷಗಳ ಹಿಂದೆ ಒಂದು ನಿರ್ದಿಷ್ಟ ಮಾದರಿಗಾಗಿಯೇ ತಯಾರಾದ ಸ್ವಿಚ್ಚು ಒಡೆದರೆ ಅದಕ್ಕೆ ಸರಿಹೊಂದುವ ಹೊಸದು ಅಂಗಡಿಯಲ್ಲಿ ದೊರೆಯುವುದಿಲ್ಲ. ದೋಷಪೂರಿತ ಸ್ವಿಚ್ಚನ್ನು ಹೊತ್ತ ಉಪಕರಣಕ್ಕೆ ಚಿಕಿತ್ಸೆಯುಂಟು. ಅವಸರದ ಕೈಯಿಂದ ಒಡೆದ ಸ್ವಿಚ್ಚನ್ನು ಹೊತ್ತ ಉಪಕರಣ ಗುಜರಿಯ ಪಾಲಾಗುವ ಸಂಭವವೇ ಹೆಚ್ಚು. ಈ ಕಸುಬಿನ ವೈಜ್ಞಾನಿಕ ಹಿನ್ನೆಲೆ, ಕೆಲಸದ ಕ್ರಮ ಹಾಗೂ ವ್ಯವಹಾರದ ಅಂಶಗಳನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಬೇಡಿಕೆಯ ಹಿನ್ನೆಲೆ

1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದ ನಂತರ ಗ್ರಾಮಫೋನ್ ತಟ್ಟೆಗಳ ಕಾಲ ಮುಗಿಯಿತೆಂದು ಉದ್ಯಮವಲಯ ಭಾವಿಸಿತ್ತು. ಆದರೆ ಅಮೆರಿಕದ ಧ್ವನಿಮುದ್ರಣ ಉದ್ಯಮ ಸಂಘದ ಲೆಕ್ಕದಂತೆ, 2022ರಲ್ಲಿ ಆ ದೇಶದಲ್ಲಿ ಸುಮಾರು 4.1 ಕೋಟಿ ವಿನೈಲ್ ತಟ್ಟೆಗಳು ಮಾರಾಟವಾದರೆ ಸಿ.ಡಿ.ಗಳ ಸಂಖ್ಯೆ ಸುಮಾರು 3.3 ಕೋಟಿ. 1987ರ ನಂತರ ವಿನೈಲ್ ತಟ್ಟೆಗಳು ಸಂಖ್ಯೆಯಲ್ಲಿ ಸಿ.ಡಿ.ಗಳನ್ನು ಮೀರಿಸಿದ್ದು ಅದೇ ಮೊದಲು. ತಟ್ಟೆ ಕೊಂಡವರಿಗೆ ಅದನ್ನು ನುಡಿಸುವ ಯಂತ್ರವೂ ಬೇಕು, ಆಂಪ್ಲಿಫೈಯರ್ ಕೂಡ ಬೇಕು. ಹಳೆಯ ಉಪಕರಣಗಳತ್ತ ಗ್ರಾಹಕರ ಗಮನ ಹರಿಯಲು ಇದೂ ಒಂದು ಕಾರಣ.

ಕರ್ನಾಟಕಕ್ಕೆ ಈ ಕ್ಷೇತ್ರ ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ಯೆಂಬ ಹೆಸರಿನ ಬಾನುಲಿ ಕೇಂದ್ರವನ್ನು ಆರಂಭಿಸಿದ್ದರು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೊ ವಾಲ್ವುಗಳನ್ನೂ, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ ಬಿಡಿಭಾಗಗಳ ಮಾರುಕಟ್ಟೆಯಾಗಿ ರಾಜ್ಯದಾದ್ಯಂತ ಪರಿಚಿತ. ಇನ್ನು ಕರಾವಳಿಯ ಜಿಲ್ಲೆಗಳಿಂದ ಗಲ್ಫ್ ದೇಶಗಳಿಗೆ ದುಡಿಯಲು ಹೋದವರು ರಜೆಯಲ್ಲಿ ಬರುವಾಗ ಹೊತ್ತು ತಂದ ಜಪಾನಿ ಸ್ಟೀರಿಯೊಗಳಿಗೆ ಅಲ್ಲಿನ ಮನೆಗಳಲ್ಲಿ ವಿಶೇಷ ಸ್ಥಾನವಿದೆ. ಉಪಕರಣಗಳು ಉಳಿದಿವೆ, ಅವುಗಳನ್ನು ಬಿಚ್ಚಿ ಜೋಡಿಸಬಲ್ಲ ಹಿರಿಯ ಕುಶಲಕರ್ಮಿಗಳಿಗೆ ವಯಸ್ಸಾಗುತ್ತಿದೆ. ಅವರ ಕೈಕೆಲಸದ ಜ್ಞಾನ ಮುಂದಿನ ಪೀಳಿಗೆಗೆ ದಾಟಬೇಕಾದ ಕಾಲವಿದು.

ಸ್ವಿಚ್ಚು ಕೆಡುವುದೇಕೆ?

ಹಳೆಯ ಆಂಪ್ಲಿಫೈಯರುಗಳ ಸ್ವಿಚ್ಚುಗಳಲ್ಲಿ ಹಿತ್ತಾಳೆ ಅಥವಾ ತಾಮ್ರದ ಮಿಶ್ರಲೋಹದ ಮೇಲೆ ತೆಳುವಾದ ಬೆಳ್ಳಿಯ ಲೇಪವಿರುವುದು ಸಾಮಾನ್ಯ. ಬೆಳ್ಳಿಯು ವಿದ್ಯುತ್ತನ್ನು ಅತ್ಯುತ್ತಮವಾಗಿ ಹರಿಸುವ ಲೋಹ. ಆದರೆ ಗಾಳಿಯಲ್ಲಿರುವ ಗಂಧಕದ ಅಂಶ ತಾಗಿದಾಗ ಅದರ ಮೇಲೆ ಸಿಲ್ವರ್ ಸಲ್ಫೈಡಿನ ಕಪ್ಪು ಪೊರೆ ಬೆಳೆಯುತ್ತದೆ. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದೂ ಇದೇ ಕಾರಣದಿಂದ. ವಾಹನಗಳ ಹೊಗೆ, ಚರಂಡಿಯ ಅನಿಲ, ಕಡೆಗೆ ತಂತಿಗೆ ಸುತ್ತಿದ ರಬ್ಬರ್ ಬ್ಯಾಂಡ್ ಕೂಡ ಗಂಧಕದ ಮೂಲಗಳೇ. ಕರಾವಳಿಯ ತೇವ ಹಾಗೂ ಉಪ್ಪಿನ ಗಾಳಿ ಒಳಗಿನ ಹಿತ್ತಾಳೆಗೂ ಕಿಲುಬು ಹಿಡಿಸುತ್ತದೆ.

ನಿತ್ಯ ಬೆಳಗುವ ಹರಿವಾಣ ಹೊಳೆಯುತ್ತಿರುತ್ತದೆ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಬೆಳ್ಳಿ ಬಟ್ಟಲು ಕಪ್ಪಾಗುತ್ತದೆ. ಸ್ವಿಚ್ಚಿನ ಕಥೆಯೂ ಹಾಗೆಯೇ. ಅದನ್ನು ಸರಿಸಿದಾಗಲೆಲ್ಲ ಲೋಹವು ಲೋಹವನ್ನು ಉಜ್ಜಿ ಪೊರೆಯನ್ನು ಕಳಚುತ್ತದೆ. ವರ್ಷಗಟ್ಟಲೆ ಒಂದೇ ಸ್ಥಾನದಲ್ಲಿ ನಿಂತ ಸ್ವಿಚ್ಚಿಗೆ ಈ ಉಜ್ಜುವಿಕೆ ದೊರೆಯುವುದಿಲ್ಲ. ಆದ್ದರಿಂದ ಸವೆತಕ್ಕಿಂತ ನಿಷ್ಕ್ರಿಯತೆಯೇ ಇಲ್ಲಿ ದೊಡ್ಡ ಶತ್ರು.

ಇದಕ್ಕೆ ಉತ್ತಮ ಉದಾಹರಣೆ ‘ಟೇಪ್ ಮಾನಿಟರ್’ ಎಂಬ ಗುಂಡಿ. ಕ್ಯಾಸೆಟ್ ಡೆಕ್ ಜೋಡಿಸುವವರಿಗಾಗಿ ಎಪ್ಪತ್ತರ ದಶಕದ ಆಂಪ್ಲಿಫೈಯರುಗಳಲ್ಲಿ ಇದನ್ನು ಒದಗಿಸಲಾಗುತ್ತಿತ್ತು. ಮನೆಯಲ್ಲಿ ಡೆಕ್ ಇಲ್ಲದಿದ್ದರೂ, ರೇಡಿಯೊ ಅಥವಾ ತಟ್ಟೆಯ ಧ್ವನಿಸಂಕೇತ ಈ ಸ್ವಿಚ್ಚಿನ ಮೂಲಕವೇ ಹಾದುಹೋಗಬೇಕು. ಮಾಲೀಕರು ಎಂದೂ ಮುಟ್ಟದ ಈ ಗುಂಡಿ ಒಳಗೊಳಗೇ ಕಪ್ಪಾಗಿ ಒಂದು ದಿನ ಒಂದು ಬದಿಯ ಧ್ವನಿಯನ್ನೇ ತಡೆಯುತ್ತದೆ. ಉಪಕರಣ ಸತ್ತಿತೆಂದು ತೀರ್ಮಾನಿಸುವ ಮೊದಲು, ಮೇನ್ಸ್ ಪ್ಲಗ್ ಕಿತ್ತು ಈ ಗುಂಡಿಯನ್ನು ಇಪ್ಪತ್ತು ಮೂವತ್ತು ಬಾರಿ ಒತ್ತಿ ನೋಡುವುದು ಖರ್ಚಿಲ್ಲದ ಮೊದಲ ಪರೀಕ್ಷೆ.

ಇನ್ನೊಂದು ವಿಶೇಷವನ್ನೂ ಗಮನಿಸಬೇಕು. ಸಣ್ಣ ಧ್ವನಿಯಲ್ಲಿ ಮೂಕವಾಗಿದ್ದ ಬದಿಯು ವಾಲ್ಯೂಮ್ ಏರಿಸಿದೊಡನೆ ಜೀವ ತಳೆಯುವುದುಂಟು. ಕಪ್ಪು ಪೊರೆಯನ್ನು ಭೇದಿಸಿ ಹರಿಯಲು ಸ್ವಲ್ಪ ವಿದ್ಯುದೊತ್ತಡ ಬೇಕು. ಗ್ರಾಮಫೋನಿನ ಅಯಸ್ಕಾಂತ ಮಾದರಿಯ ಮುಳ್ಳಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟುಗಳಷ್ಟು. ಅದಕ್ಕೆ ಆ ಶಕ್ತಿಯಿಲ್ಲ. ಸ್ಪೀಕರಿಗೆ ಹೋಗುವ ಹಲವು ವೋಲ್ಟುಗಳ ಸಂಕೇತಕ್ಕೆ ಆ ಶಕ್ತಿಯಿದೆ. ಹೀಗೆ ವಾಲ್ಯೂಮಿನೊಂದಿಗೆ ಬಂದುಹೋಗುವ ದೋಷವು ಹೆಚ್ಚಾಗಿ ಸ್ಪೀಕರಿನ ಹಾದಿಯಲ್ಲಿರುವ ರಿಲೇ ಅಥವಾ ಸ್ಪೀಕರ್ ಆಯ್ಕೆಯ ಸ್ವಿಚ್ಚಿನತ್ತ ಬೊಟ್ಟು ಮಾಡುತ್ತದೆ.

ದೋಷಪತ್ತೆಯ ಕ್ರಮ

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಹೊರಗಿನಿಂದಲೇ ಸಾಕಷ್ಟು ತಿಳಿಯಬಹುದು. ಮೊದಲಿಗೆ ಎರಡು ಸ್ಪೀಕರುಗಳ ತಂತಿಗಳನ್ನು ಅದಲುಬದಲು ಮಾಡಬೇಕು. ಮೌನವು ಸ್ಪೀಕರಿನೊಂದಿಗೆ ಸ್ಥಳಾಂತರಗೊಂಡರೆ ದೋಷ ಸ್ಪೀಕರಿನದು. ಇದ್ದಲ್ಲೇ ಉಳಿದರೆ ಆಂಪ್ಲಿಫೈಯರಿನದು. ಬಳಿಕ ರೇಡಿಯೊ, ಫೋನೊ, ಆಕ್ಸ್ ಎಂಬ ಬೇರೆ ಬೇರೆ ಮೂಲಗಳನ್ನು ಕೇಳಬೇಕು. ಒಂದು ಮೂಲದಲ್ಲಿ ಮಾತ್ರ ದೋಷವಿದ್ದರೆ ಆಯ್ಕೆಯ ಸ್ವಿಚ್ಚಿನ ಆ ಸ್ಥಾನವನ್ನೋ ಆ ಮೂಲವನ್ನೋ ಸಂಶಯಿಸಬೇಕು. ಎಲ್ಲದರಲ್ಲೂ ಇದ್ದರೆ ಟೇಪ್ ಮಾನಿಟರ್, ಮೋಡ್ ಅಥವಾ ಮುಂದಿನ ಹಂತವನ್ನು ನೋಡಬೇಕು. ಕೆಲವು ಮಾದರಿಗಳ ಹಿಂಬದಿಯಲ್ಲಿ ಪ್ರಿಆಂಪ್ ಮತ್ತು ಪವರ್ ಆಂಪ್ ಭಾಗಗಳನ್ನು ಜೋಡಿಸುವ ಪುಟ್ಟ ಲೋಹದ ಕೊಂಡಿಗಳಿರುತ್ತವೆ. ಅವು ಕಿಲುಬು ಹಿಡಿದರೂ ಲಕ್ಷಣಗಳು ಒಂದೇ ತೆರನಾಗಿರುತ್ತವೆ.

ಮಲ್ಟಿಮೀಟರಿನಿಂದ ಅಳೆಯುವಾಗಲೂ ಎಚ್ಚರ ಅಗತ್ಯ. ಮೀಟರಿನ ತಂತಿಗಳಿಗೇ ಸ್ವಲ್ಪ ರೋಧವಿರುವುದರಿಂದ ಎರಡು ಮೊನೆಗಳನ್ನು ಪರಸ್ಪರ ತಾಗಿಸಿ ಬರುವ ಅಂಕಿಯನ್ನು ಮೊದಲು ಗುರುತಿಟ್ಟುಕೊಂಡು ನಂತರದ ಅಳತೆಯಿಂದ ಕಳೆಯಬೇಕು. ಒಳ್ಳೆಯ ಸ್ವಿಚ್ಚಿನಲ್ಲಿ ಉಳಿಯುವ ಅಂಕಿ ಶೂನ್ಯಕ್ಕೆ ಅತಿ ಸಮೀಪವಿದ್ದು, ಗುಂಡಿಯನ್ನು ಮೆಲ್ಲನೆ ಅಲುಗಿಸಿದಾಗಲೂ ಬದಲಾಗಬಾರದು. ಅಲುಗಿಸಿದೊಡನೆ ಅಂಕಿ ಜಿಗಿದಾಡಿದರೆ ಸಂಪರ್ಕ ಕೆಟ್ಟಿದೆ, ಇಲ್ಲವೇ ಬುಡದ ಬೆಸುಗೆ ಸೀಳಿದೆ. ಬೆಸುಗೆಯ ಸೀಳನ್ನು ಭೂತಗನ್ನಡಿಯಿಂದ ನೋಡದೆ ಸ್ವಿಚ್ಚನ್ನು ದೂಷಿಸುವುದು ತಪ್ಪು.

ಶುಚಿಗೊಳಿಸುವ ವಿಧಾನ

ಸ್ವಿಚ್ ದುರಸ್ತಿಯ ಬಹುಭಾಗ ಶುಚಿಗೊಳಿಸುವುದರಲ್ಲೇ ಮುಗಿಯುತ್ತದೆ. ಮೇನ್ಸ್ ಪ್ಲಗ್ಗನ್ನು ಕಿತ್ತ ನಂತರವೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ವಾಲ್ವ್ ಉಪಕರಣಗಳಲ್ಲಿ ಇದು 250ರಿಂದ 450 ವೋಲ್ಟುಗಳವರೆಗೆ ಇರಬಹುದಾದ್ದರಿಂದ, ಸೂಕ್ತ ರೋಧಕದ ಮೂಲಕ ಅದನ್ನು ಹರಿಯಬಿಟ್ಟು ಮೀಟರಿನಿಂದ ಖಚಿತಪಡಿಸಿಕೊಂಡ ಮೇಲಷ್ಟೇ ಕೈ ಹಾಕಬೇಕು.

ಧೂಳನ್ನು ಮೊದಲು ಮೃದು ಕುಂಚದಿಂದ ತೆಗೆಯಬೇಕು. ಧೂಳಿನ ಮೇಲೆಯೇ ದ್ರಾವಣ ಸಿಂಪಡಿಸಿದರೆ ಕೊಳೆ ಕೆಸರಾಗಿ ಒಳಗೆ ಇಳಿಯುತ್ತದೆ. ನಂತರ ವಿದ್ಯುತ್ ಸಂಪರ್ಕಗಳಿಗೆಂದೇ ತಯಾರಾದ ಕ್ಲೀನರನ್ನು ಸಣ್ಣ ಕೊಳವೆಯ ಮೂಲಕ ಸಂಪರ್ಕಬಿಂದುವಿಗೆ ನೇರವಾಗಿ ಹನಿಸಿ, ಸ್ವಿಚ್ಚನ್ನು ಎಲ್ಲ ಸ್ಥಾನಗಳಿಗೂ ಹಲವಾರು ಬಾರಿ ಓಡಿಸಬೇಕು. ಹೆಚ್ಚು ಸುರಿದರೆ ಹೆಚ್ಚು ಶುಚಿಯಾಗುವುದಿಲ್ಲ. ಹೆಚ್ಚುಳಿದ ದ್ರಾವಣ ಧೂಳನ್ನು ಸೆಳೆಯುವುದಲ್ಲದೆ, ವಾಲ್ವ್ ರೇಡಿಯೊದ ಬ್ಯಾಂಡ್ ಸ್ವಿಚ್ಚಿನ ಬಿಲ್ಲೆಗಳಲ್ಲಿ ಇಂಗಿ ಅಧಿಕ ವೋಲ್ಟೇಜು ಸೋರುವುದಕ್ಕೂ ಹಾದಿಯಾದೀತು. ಒಂದು ರಾತ್ರಿ ಒಣಗಲು ಬಿಟ್ಟ ನಂತರ ವಿದ್ಯುತ್ ಕೊಡುವುದು ಕ್ಷೇಮ.

ಪೆಟ್ರೋಲ್, ಸೀಮೆಎಣ್ಣೆ, ಬಣ್ಣದ ಥಿನ್ನರ್ ಇವುಗಳನ್ನು ಎಂದಿಗೂ ಬಳಸಕೂಡದು. ಬೆಂಕಿಯ ಅಪಾಯ ಒಂದೆಡೆಯಾದರೆ, ಹಳೆಯ ಪ್ಲಾಸ್ಟಿಕ್ ಭಾಗಗಳು ಕರಗುವ ಅಪಾಯ ಇನ್ನೊಂದೆಡೆ. ಮುಂಭಾಗದ ಅಕ್ಷರಗಳೂ ಅಳಿಸಿಹೋಗಬಹುದು. ಉಪ್ಪುಕಾಗದ ಅಥವಾ ಅರದಿಂದ ಉಜ್ಜುವುದು ಇನ್ನೂ ದೊಡ್ಡ ತಪ್ಪು. ಬೆಳ್ಳಿಯ ಲೇಪ ಬಹಳ ತೆಳು. ಅದು ಹೋಗಿ ಹಿತ್ತಾಳೆ ಕಾಣಿಸಿಕೊಂಡರೆ ಆ ದಿನ ಧ್ವನಿ ಚೆನ್ನಾಗಿ ಬರುತ್ತದೆ. ಕೆಲವು ತಿಂಗಳಲ್ಲಿ ದೋಷ ಮರಳುತ್ತದೆ, ಆಗ ಉಜ್ಜಲು ಲೇಪವೇ ಇರುವುದಿಲ್ಲ. ಮನೆಯಲ್ಲಿ ಬೆಳ್ಳಿ ಬೆಳಗಲು ಬಳಸುವ ವಿಭೂತಿಯಂತಹ ಪುಡಿಗಳೂ ಸ್ವಿಚ್ಚಿಗೆ ಸಲ್ಲವು. ರಿಲೇ ಸಂಪರ್ಕಗಳಿಗೆ ದಪ್ಪ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೋಯಿಸಿ, ಸಂಪರ್ಕಗಳ ನಡುವೆ ಇಟ್ಟು ಹಗುರವಾಗಿ ಒತ್ತಿ ಎಳೆದರೆ ಸಾಕು. ಕಾಗದದ ಮೇಲೆ ಕಪ್ಪು ಗೆರೆ ಬೀಳುವುದು ನಿಂತಾಗ ಕೆಲಸ ಮುಗಿದಂತೆ.

ಬಿಚ್ಚಿ ಜೋಡಿಸುವ ಕೆಲಸ

ಹೊರಗಿನ ಶುಚಿಗೆ ಬಗ್ಗದ ಸ್ವಿಚ್ಚನ್ನು ಬಿಚ್ಚಲೇಬೇಕಾಗುತ್ತದೆ. 1948ರಲ್ಲಿ ಟೋಕಿಯೊದಲ್ಲಿ ಕಟಾವೊಕ ಎಲೆಕ್ಟ್ರಿಕ್ ಎಂಬ ಹೆಸರಿನಿಂದ ಆರಂಭವಾಗಿ ಮುಂದೆ ಆಲ್ಪ್ಸ್ ಎಲೆಕ್ಟ್ರಿಕ್ ಎಂದಾದ ಸಂಸ್ಥೆಯ ಸ್ವಿಚ್ಚುಗಳು ಅನೇಕ ಜಪಾನಿ ಉಪಕರಣಗಳಲ್ಲಿ ಕಂಡುಬರುತ್ತವೆ. ಜಾರು ಮಾದರಿಯ ಇಂತಹ ಸ್ವಿಚ್ಚುಗಳಲ್ಲಿ ತಗಡಿನ ಹೊದಿಕೆಯ ಕಿವಿಗಳನ್ನು ಮಡಿಸಿ ಬುಡವನ್ನು ಹಿಡಿಸಿರುತ್ತಾರೆ. ಕಿವಿಗಳನ್ನು ಅಗತ್ಯವಿದ್ದಷ್ಟು ಮಾತ್ರ ನಿಧಾನವಾಗಿ ಬಿಡಿಸಬೇಕು. ಪದೇ ಪದೇ ಬಾಗಿಸಿದರೆ ಅವು ಮುರಿಯುತ್ತವೆ.

ಒಳಗೆ ಅಕ್ಕಿಕಾಳಿನಷ್ಟು ಗಾತ್ರದ ಸಂಪರ್ಕ ಚಿಮಟಿಗಳೂ, ಸಣ್ಣ ಸ್ಪ್ರಿಂಗುಗಳೂ ಇರುತ್ತವೆ. ಒಂದು ಚಿಮಟಿ ಹಾರಿ ನೆಲಕ್ಕೆ ಬಿದ್ದರೆ ಇಡೀ ಸ್ವಿಚ್ಚು ನಿರರ್ಥಕ. ಅಂಚಿರುವ ಬಿಳಿಯ ತಟ್ಟೆಯ ಮೇಲೆ ಕೆಲಸ ಮಾಡುವುದು, ಪ್ರತಿ ಹಂತದಲ್ಲೂ ಛಾಯಾಚಿತ್ರ ತೆಗೆಯುವುದು, ಚಿಮಟಿಗಳನ್ನು ಇದ್ದ ಕ್ರಮದಲ್ಲೇ ಇಡುವುದು ಅನುಭವಿಗಳ ರೂಢಿ. ಗಟ್ಟಿಯಾದ ಹಳೆಯ ಗ್ರೀಸನ್ನು ಆಲ್ಕೊಹಾಲಿನಿಂದ ತೆಗೆದು, ಹೊಸ ಗ್ರೀಸನ್ನು ಕಟಕಟನೆ ನಿಲ್ಲಿಸುವ ಗೋಲಿ ಮತ್ತು ಸ್ಪ್ರಿಂಗಿನ ಭಾಗಕ್ಕೆ ಮಾತ್ರ ಲೇಪಿಸಬೇಕು.

ಬೋರ್ಡಿನಿಂದ ಸ್ವಿಚ್ಚನ್ನು ಬಿಡಿಸುವ ಹಂತ ಎಲ್ಲಕ್ಕಿಂತ ನಾಜೂಕಿನದು. ಸಾಲಾಗಿ ಹಲವು ಗುಂಡಿಗಳಿರುವ ಜೋಡಣೆಯಲ್ಲಿ ಹತ್ತಾರು ಬೆಸುಗೆಗಳಿರುತ್ತವೆ. ಹಳೆಯ ಬೋರ್ಡಿಗೆ ಅತಿಯಾಗಿ ಬಿಸಿ ತಾಗಿದರೆ ತಾಮ್ರದ ಗೆರೆಗಳು ಎದ್ದುಬರುತ್ತವೆ. ಒಂದು ಪಿನ್ನಿನಲ್ಲೂ ಬೆಸುಗೆ ಉಳಿದಿಲ್ಲವೆಂದು ಖಚಿತವಾಗುವವರೆಗೆ ಎಳೆಯಬಾರದು.

ಮೇನ್ಸ್ ಸ್ವಿಚ್ಚು: ಪ್ರಾಣದ ಪ್ರಶ್ನೆ

ಧ್ವನಿಯ ಸ್ವಿಚ್ಚು ಕೆಟ್ಟರೆ ಹಾಡು ನಿಲ್ಲುತ್ತದೆ. ಮೇನ್ಸ್ ಸ್ವಿಚ್ಚಿನ ದುರಸ್ತಿ ಕೆಟ್ಟರೆ ಬೆಂಕಿ ಹೊತ್ತಬಹುದು, ಪ್ರಾಣವೂ ಹೋಗಬಹುದು. ಇಲ್ಲಿ ಯಾವುದೇ ರಾಜಿ ಸಲ್ಲದು. ಆನ್ ಮಾಡುವ, ಆಫ್ ಮಾಡುವ ಕ್ಷಣದ ಕಿಡಿಯಿಂದ ಇದರ ಸಂಪರ್ಕಗಳು ಸುಟ್ಟಿರುತ್ತವೆ. ಸುಟ್ಟ ಮಸಿ ಒಳಗಿನ ಗೋಡೆಗೆ ಅಂಟಿ ವಿದ್ಯುತ್ ಸೋರುವ ಹಾದಿಯನ್ನು ನಿರ್ಮಿಸುತ್ತದೆ. ಇಂತಹ ಸ್ವಿಚ್ಚನ್ನು ತೊಳೆದು ಮರುಬಳಸುವುದಕ್ಕಿಂತ ಬದಲಾಯಿಸುವುದೇ ವಿವೇಕ. ಹೊಸ ಸ್ವಿಚ್ಚಿನ ಮೇಲೆ 250 ವೋಲ್ಟ್ ಎ.ಸಿ. ಹಾಗೂ ಸಾಕಷ್ಟು ಆಂಪಿಯರ್ ನಮೂದಾಗಿರಬೇಕು. ಕಿಡಿ ತಡೆಯಲು ಸಂಪರ್ಕಗಳಿಗೆ ಅಡ್ಡಲಾಗಿ ಜೋಡಿಸಿದ ಹಳೆಯ ಕಾಗದದ ಕೆಪಾಸಿಟರನ್ನೂ ಬದಲಾಯಿಸಿ, ಮೇನ್ಸ್ ಬಳಕೆಗೆಂದೇ ಪ್ರಮಾಣಿತವಾದ 275 ವೋಲ್ಟ್ ಎ.ಸಿ. ಎಕ್ಸ್2 ವರ್ಗದ್ದನ್ನು ಹಾಕಬೇಕು. ಸಾಮಾನ್ಯ ಕೆಪಾಸಿಟರ್ ಈ ಜಾಗಕ್ಕೆ ತಕ್ಕುದಲ್ಲ.

ಹಿಂಬದಿಯ ವೋಲ್ಟೇಜ್ ಆಯ್ಕೆಯ ಸ್ವಿಚ್ಚಿನ ಮೇಲೂ ಕಣ್ಣಿರಬೇಕು. ಜಪಾನಿನ ಗೃಹಬಳಕೆಯ ಸರಬರಾಜು 100 ವೋಲ್ಟ್. ಸೌದಿ ಅರೇಬಿಯಾದಲ್ಲಿ 127 ವೋಲ್ಟ್ ದೀರ್ಘಕಾಲ ಬಳಕೆಯಲ್ಲಿತ್ತು. ಭಾರತದ್ದು 230 ವೋಲ್ಟ್. ವಿದೇಶದಿಂದ ತಂದು ಮೂಲೆಗಿಟ್ಟ ಉಪಕರಣವನ್ನು ಈ ಗುರುತು ನೋಡದೆ ಪ್ಲಗ್ಗಿಗೆ ಚುಚ್ಚಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಸಂಭವವಿದೆ. ಮೊದಲ ಬಾರಿ ವಿದ್ಯುತ್ ಕೊಡುವಾಗ ತಂತುವಿರುವ ಹಳೆಯ ಮಾದರಿಯ ಬಲ್ಬನ್ನು ಸರಣಿಯಲ್ಲಿ ಜೋಡಿಸುವ ‘ಸೀರೀಸ್ ಲ್ಯಾಂಪ್’ ಪದ್ಧತಿ ಇಂದಿಗೂ ಉಪಯುಕ್ತ. ಎಲ್.ಇ.ಡಿ. ಬಲ್ಬು ಈ ಕೆಲಸಕ್ಕೆ ಬಾರದು. ಎ.ಸಿ. ಮತ್ತು ಡಿ.ಸಿ. ಎರಡರಲ್ಲೂ ನಡೆಯುವಂತೆ ತಯಾರಾದ ವಾಲ್ವ್ ರೇಡಿಯೊಗಳಲ್ಲಿ ಲೋಹದ ಚಾಸಿಯೇ ಮೇನ್ಸಿನ ಒಂದು ತಂತಿಗೆ ಜೋಡಣೆಯಾಗಿರುತ್ತದೆ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಇವುಗಳನ್ನು ಮುಟ್ಟಬಾರದು.

ಬದಲಿ ಭಾಗಗಳ ಆಯ್ಕೆ

ರಿಲೇಗಳು ಹೊಸದಾಗಿ ದೊರೆಯುತ್ತವೆ. ಸುರುಳಿಯ ವೋಲ್ಟೇಜು, ಕಾಲುಗಳ ಜೋಡಣೆ ಮತ್ತು ಸಂಪರ್ಕದ ಸಾಮರ್ಥ್ಯ ಹೊಂದಿಕೆಯಾಗಬೇಕು. ತಿರುಗು ಸ್ವಿಚ್ಚುಗಳಲ್ಲಿ ಎರಡು ಬಗೆಗಳುಂಟು: ಹಿಂದಿನ ಸ್ಥಾನವನ್ನು ಬಿಡುವ ಮೊದಲೇ ಮುಂದಿನದನ್ನು ಹಿಡಿಯುವುದು ಒಂದು, ಬಿಟ್ಟ ನಂತರವೇ ಹಿಡಿಯುವುದು ಇನ್ನೊಂದು. ಹಂತ ಹಂತದ ವಾಲ್ಯೂಮ್ ನಿಯಂತ್ರಣಕ್ಕೆ ಮೊದಲ ಬಗೆ ಬೇಕು, ಇಲ್ಲವಾದರೆ ಪ್ರತಿ ಹಂತದಲ್ಲೂ ಟಪ್ಪೆಂಬ ಸದ್ದು ಕೇಳಿಸೀತು. ಟ್ರಾನ್ಸ್‌ಫಾರ್ಮರಿನ ಕವಲುಗಳಿಗೆ ಮೊದಲ ಬಗೆಯನ್ನು ಹಾಕಿದರೆ ಸುರುಳಿಯ ಭಾಗವೇ ಶಾರ್ಟ್ ಆಗುತ್ತದೆ.

ಮೂಲಭಾಗ ಸಿಗದಿದ್ದಾಗ ದುರಸ್ತಿಗೆ ಮೀರಿದ ಅದೇ ಮಾದರಿಯ ಇನ್ನೊಂದು ಉಪಕರಣದಿಂದ ಭಾಗ ತೆಗೆಯುವುದು ರೂಢಿ. ಅದೂ ಇಲ್ಲದಾಗ, ಬಳಕೆಯಲ್ಲಿಲ್ಲದ ಟೇಪ್ ಮಾನಿಟರ್ ಸ್ವಿಚ್ಚನ್ನು ತಂತಿಯಿಂದ ಹಾಯಿಸಿ ಧ್ವನಿಯನ್ನು ಮರಳಿಸಬಹುದು. ಆದರೆ ಇದನ್ನು ಮಾಲೀಕರ ಒಪ್ಪಿಗೆಯಿಂದ ಮಾತ್ರ ಮಾಡಿ, ಮುಂದೆ ಬಿಡಿಸಲು ಬರುವಂತೆ ಜೋಡಿಸಿ, ಬಿಲ್ಲಿನಲ್ಲಿ ನಮೂದಿಸುವುದು ಪ್ರಾಮಾಣಿಕ ಕ್ರಮ. ತೆಗೆದ ನಿರುಪಯುಕ್ತ ಭಾಗಗಳನ್ನು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಆಶಯದಂತೆ ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸಬೇಕು.

ದರ, ದಾಖಲೆ ಮತ್ತು ಭರವಸೆ

ಈ ಉದ್ಯಮದಲ್ಲಿ ಹಲವರು ಎಡವುವುದು ತಾಂತ್ರಿಕ ಕೆಲಸದಲ್ಲಲ್ಲ, ದರ ನಿಗದಿಯಲ್ಲಿ. ಉದಾಹರಣೆಗೆ, ಒಂದು ಸ್ವಿಚ್ಚಿಗೆ ತಗಲುವ ದ್ರಾವಣದ ಬೆಲೆ ಐವತ್ತು ರೂಪಾಯಿ, ತಗಲುವ ಸಮಯ ನಾಲ್ಕು ಗಂಟೆ ಎಂದಿಟ್ಟುಕೊಳ್ಳೋಣ. ಭಾಗದ ಬೆಲೆಯ ಮೇಲೆ ದರ ಹೇಳುವವನಿಗೆ ಬಾಡಿಗೆ ಕಟ್ಟಲೂ ಸಾಲದು. ಹೀಗಾಗಿ ಪರಿಶೀಲನೆಗೆ ಒಂದು ದರ, ಶುಚಿಗೊಳಿಸುವುದಕ್ಕೆ ಒಂದು ದರ, ಬಿಚ್ಚಿ ಜೋಡಿಸುವುದಕ್ಕೆ ಗಂಟೆಯ ಲೆಕ್ಕದ ದರ ಎಂದು ಮೊದಲೇ ಲಿಖಿತವಾಗಿ ತಿಳಿಸುವುದು ಉಭಯರಿಗೂ ಹಿತ. ಬಿಚ್ಚುವಾಗ ಒಡೆಯುವ ಸಾಧ್ಯತೆಯಿದ್ದರೆ ಅದನ್ನು ಮುಂಚಿತವಾಗಿ ಹೇಳಿ ಒಪ್ಪಿಗೆ ಪಡೆಯಬೇಕು. ಉಪಕರಣ ಒಳಬಂದಾಗ ಅದರ ಗೀರು, ಮುರುಕುಗಳನ್ನೂ ಸೇರಿಸಿ ಜಾಬ್ ಕಾರ್ಡ್ ಬರೆದು ಛಾಯಾಚಿತ್ರ ತೆಗೆದಿಟ್ಟರೆ ಮುಂದಿನ ತಕರಾರುಗಳು ತಪ್ಪುತ್ತವೆ. ಖಾತರಿಯನ್ನು ದುರಸ್ತಿ ಮಾಡಿದ ಭಾಗಕ್ಕಷ್ಟೇ ಸೀಮಿತಗೊಳಿಸುವುದು ನ್ಯಾಯೋಚಿತ. ಐವತ್ತು ವರ್ಷದ ಯಂತ್ರದ ಪ್ರತಿ ಭಾಗಕ್ಕೂ ಯಾರೂ ಹೊಣೆ ಹೊರಲಾರರು.

ಆರಂಭಕ್ಕೆ ದೊಡ್ಡ ಬಂಡವಾಳ ಬೇಡ. ಉಷ್ಣತೆ ನಿಯಂತ್ರಿಸಬಹುದಾದ ಸೋಲ್ಡರಿಂಗ್ ಐರನ್, ಬೆಸುಗೆ ಹೀರುವ ಸಾಧನ, ಒಳ್ಳೆಯ ಮಲ್ಟಿಮೀಟರ್, ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ಭೂತಗನ್ನಡಿ, ಉತ್ತಮ ಬೆಳಕು ಇದ್ದರೆ ಕೆಲಸ ಆರಂಭಿಸಬಹುದು. ಸೇವಾ ಕ್ಷೇತ್ರದಲ್ಲಿ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲ. 2020ರ ಜುಲೈಯಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯನ್ನು ಶುಲ್ಕವಿಲ್ಲದೆ ಪಡೆಯಬಹುದಾಗಿದ್ದು, ಬ್ಯಾಂಕ್ ಸಾಲದ ಸಂದರ್ಭದಲ್ಲಿ ಅದು ನೆರವಾಗುತ್ತದೆ.

ಗ್ರಾಹಕರ ದುರಸ್ತಿ ಹಕ್ಕಿನ ಕುರಿತು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವನ್ನು ಆರಂಭಿಸಿತು. ಐರೋಪ್ಯ ಒಕ್ಕೂಟವು 2024ರಲ್ಲಿ ಇಂತಹುದೇ ನಿರ್ದೇಶನವನ್ನು ಅಂಗೀಕರಿಸಿತು. ತಯಾರಕರೇ ಬಿಟ್ಟುಕೊಟ್ಟ ಹಳೆಯ ಉಪಕರಣಗಳಿಗೆ ಈ ಕ್ರಮಗಳಿಂದ ನೇರ ಪ್ರಯೋಜನ ಅಷ್ಟಾಗಿ ಆಗಲಾರದು. ಅವುಗಳ ಆಯುಷ್ಯ ಕುಶಲಕರ್ಮಿಯ ಕೈಯಲ್ಲಿಯೇ ಇದೆ. ಐ.ಟಿ.ಐ. ಹಾಗೂ ಡಿಪ್ಲೊಮಾ ಮುಗಿಸಿದ ಯುವಕ ಯುವತಿಯರು ಹಿರಿಯ ಮೆಕ್ಯಾನಿಕ್ಕುಗಳ ಬಳಿ ಕೆಲಕಾಲ ಕುಳಿತು ಕಲಿತರೆ, ವಾಣಿಜ್ಯ ಸಂಘಗಳು ಅಂತಹ ಕಲಿಕೆಗೆ ವೇದಿಕೆ ಒದಗಿಸಿದರೆ, ಈ ಕಸುಬು ಮುಂದುವರಿಯುತ್ತದೆ. ದುರಸ್ತಿಯಾದ ಉಪಕರಣವನ್ನು ಮಾಲೀಕರಿಗೆ ಒಪ್ಪಿಸುವಾಗ ಒಂದು ಸಲಹೆಯನ್ನೂ ಕೊಟ್ಟು ಕಳುಹಿಸುವುದು ಒಳ್ಳೆಯದು: ತಿಂಗಳಿಗೊಮ್ಮೆಯಾದರೂ ಎಲ್ಲ ಗುಂಡಿಗಳನ್ನೂ ಹತ್ತು ಬಾರಿ ಸರಿಸಿ, ಯಂತ್ರವನ್ನು ಒಂದು ಗಂಟೆ ನುಡಿಸಬೇಕು.